ಕೊಡಗಿನಿಂದ ಬಾಯಿ, ಗಂಟಲು ಕ್ಯಾನ್ಸರ್‌ನ ರೇಡಿಯೇಷನ್‌ಗೆ ಹೋಗುವವರಿಗೆ: ಯಾವ ಮಷಿನ್, ಯಾವ ಊರು?

ನಮ್ಮ ಚಿಕ್ಕಪ್ಪನ ನಾಲಿಗೆಯ ಬಲಬದಿಯಲ್ಲಿ ಒಂದು ಹುಣ್ಣು ಎದ್ದಿತ್ತು. ಕಾಫಿ ಕೊಯ್ಲು ಮುಗಿಯಲಿ ಅಂತ ಡಾಕ್ಟರ ಹತ್ತಿರ ಹೋಗೋದನ್ನು ಮುಂದೂಡಿದರು. ಬಯಾಪ್ಸಿ ರಿಪೋರ್ಟ್ ಕೈಗೆ ಬಂದಾಗ ಮಾರ್ಚ್. ಏಪ್ರಿಲ್ ಕೊನೆಗೆ ಆಪರೇಷನ್ ಆಯಿತು, ಕುತ್ತಿಗೆಯ ಗಂಟುಗಳನ್ನೂ ತೆಗೆದರು. ಆಮೇಲೆ ಡಾಕ್ಟರ್ ಹೇಳಿದ್ದು: "30 ಸಿಟಿಂಗ್ ರೇಡಿಯೇಷನ್ ಬೇಕು, ಜೂನ್ ಮೊದಲ ವಾರ ಶುರು ಮಾಡಬೇಕು."

ಜೂನ್ ಅಂದರೆ ಕೊಡಗಿನಲ್ಲಿ ಏನು ಅಂತ ನಿಮಗೆ ಹೇಳಬೇಕಾಗಿಲ್ಲ.

ಆ ಎರಡು ವಾರ ಮನೆಯಲ್ಲಿ ಬರೀ ಮಷಿನ್ ಮಾತು. ಒಬ್ಬರು ಸೈಬರ್‌ನೈಫ್ ಅಂದರು, ಇನ್ನೊಬ್ಬರು ಪ್ರೋಟಾನ್ ಅಂದರು. ಊರಿನ ಹಿರಿಯರು "ಕರೆಂಟ್ ಕೊಡೋದು ಎಲ್ಲಾ ಕಡೆ ಒಂದೇ, ಸುಮ್ನೆ ದುಡ್ಡು ಹಾಳು" ಅಂದರು. ಆರು ವಾರ, ಮಳೆಯಲ್ಲಿ, ನುಂಗಲು ಆಗದ ಮನುಷ್ಯನನ್ನು ದಿನಾ ಹೇಗೆ ಕರೆದುಕೊಂಡು ಹೋಗುವುದು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮಷಿನ್ ಮತ್ತು ಊರು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಿತ್ತು ಅಂತ ಆಮೇಲೆ ಗೊತ್ತಾಯಿತು. ಈಗ ನಿಮ್ಮ ಮನೆಯಲ್ಲಿ ಯಾರಾದರೂ ಆ ಜಾಗದಲ್ಲಿ ನಿಂತಿದ್ದರೆ, ಇದು ಅವರಿಗಾಗಿ.

ಮೊದಲು ಆಪರೇಷನ್ನಾ, ರೇಡಿಯೇಷನ್ನಾ?

ಇದನ್ನು ನಾವು ಆರಿಸುವುದು ಕಡಿಮೆ, ಗಡ್ಡೆ ಇರುವ ಜಾಗವೇ ಹೇಳುತ್ತದೆ. ನಾಲಿಗೆ, ಕೆನ್ನೆ, ಒಸಡಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಮೊದಲು ಆಪರೇಷನ್. ಆಮೇಲೆ ಬೇಕಿದ್ದರೆ ರೇಡಿಯೇಷನ್. ಎಲೆಅಡಿಕೆ, ಹೊಗೆಸೊಪ್ಪು ಜಗಿಯುವ ನಮ್ಮ ಕಡೆ ಈ ಬಾಯಿಯ ಕ್ಯಾನ್ಸರ್‌ಗಳೇ ಜಾಸ್ತಿ ಕಾಣುತ್ತವೆ. ಧ್ವನಿಪೆಟ್ಟಿಗೆ ಮತ್ತು ಗಂಟಲಿನ ಒಳಭಾಗದ್ದಾದರೆ ಕತೆ ಬೇರೆ. ಅಲ್ಲಿ ರೇಡಿಯೇಷನ್ನೇ ಮುಖ್ಯ ಚಿಕಿತ್ಸೆ ಆಗಬಹುದು, ಜೊತೆಗೆ ಕೀಮೋ. ಮಾತು ಉಳಿಯಲಿ ಅನ್ನೋದೇ ಉದ್ದೇಶ. ಧ್ವನಿಪೆಟ್ಟಿಗೆಯ ತೀರಾ ಚಿಕ್ಕ ಗಡ್ಡೆಗೆ ಹಳೆಯ ಸರಳ ರೇಡಿಯೇಷನ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ಯಾಕೆಂದರೆ ಕಿರಣ ಬೀಳುವ ಜಾಗ ಚಿಕ್ಕದು, ಜೊಲ್ಲು ಗ್ರಂಥಿ ದೂರ.

ಇಲ್ಲೇ ಒಂದು ಗೊಂದಲ ಬಿಡಿಸಿಬಿಡುತ್ತೇನೆ. "ಟಾರ್ಗೆಟೆಡ್" ಅನ್ನುವ ಮಾತು ಆಸ್ಪತ್ರೆಯಲ್ಲಿ ಎರಡು ಕಡೆ ಕೇಳಿಸುತ್ತದೆ. ಒಂದು, ಗುರಿಯಿಟ್ಟು ಕೊಡುವ ರೇಡಿಯೇಷನ್. ಇನ್ನೊಂದು, ಸೆಟಕ್ಸಿಮ್ಯಾಬ್, ನಿಮೊಟುಜುಮ್ಯಾಬ್ ತರಹದ ಡ್ರಿಪ್ ಔಷಧಿ. ಎರಡೂ ಬೇರೆ, ಬಿಲ್ಲೂ ಬೇರೆ. ಯಾವುದರ ಬಗ್ಗೆ ಮಾತಾಡುತ್ತಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಿ. ನಾನು ಇಲ್ಲಿ ಬರೆಯುತ್ತಿರುವುದು ಮೊದಲನೆಯದರ ಬಗ್ಗೆ.

ಮಷಿನ್‌ಗಳ ಹೋಲಿಕೆ

ಹಳೆಯದು ಕೋಬಾಲ್ಟ್. ಎರಡು ಪಕ್ಕದಿಂದ ದೊಡ್ಡ ಚೌಕದಲ್ಲಿ ಕಿರಣ ಬಿಡುತ್ತದೆ. ಗಡ್ಡೆಗೆ ಎಷ್ಟು ಬೀಳುತ್ತದೋ ಕಿವಿಯ ಮುಂದಿನ ಜೊಲ್ಲು ಗ್ರಂಥಿಗೂ ಹೆಚ್ಚುಕಡಿಮೆ ಅಷ್ಟೇ ಬೀಳುತ್ತದೆ. ಅದರ ಮೇಲಿನ ಹೆಜ್ಜೆ ತ್ರೀಡಿ ಕನ್ಫರ್ಮಲ್. ಸಿಟಿ ಸ್ಕ್ಯಾನ್ ನೋಡಿ ಗಡ್ಡೆಯ ಆಕಾರಕ್ಕೆ ಕಿರಣದ ಅಂಚನ್ನು ಹೊಂದಿಸುತ್ತಾರೆ.

ಆಮೇಲೆ ಬಂದದ್ದು ಐಎಂಆರ್‌ಟಿ. ಇಲ್ಲಿ ಲಿನಾಕ್ ಅನ್ನುವ, ಕರೆಂಟಿನಿಂದ ಕಿರಣ ಹುಟ್ಟಿಸುವ ಮಷಿನ್‌ನ ಬಾಯಲ್ಲಿ ಟಂಗ್‌ಸ್ಟನ್‌ನ ತೆಳು ಪಟ್ಟಿಗಳು ಸಾಲಾಗಿ ಇರುತ್ತವೆ. ಪ್ರತಿ ಪಟ್ಟಿಯೂ ಬೇರೆ ಬೇರೆಯಾಗಿ ಹಿಂದೆ ಮುಂದೆ ಸರಿಯುತ್ತದೆ. ಏಳೋ ಒಂಬತ್ತೋ ಕೋನದಿಂದ ಕಿರಣ ಬಿಡುವಾಗ ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅಂತ ಈ ಪಟ್ಟಿಗಳೇ ತೂಗಿ ಬಿಡುತ್ತವೆ. ಗಡ್ಡೆ ಇದ್ದ ಜಾಗದ ಸುತ್ತ ಡೋಸ್ ಬಗ್ಗುತ್ತದೆ, ಬೆನ್ನುಹುರಿ ಮತ್ತು ಜೊಲ್ಲು ಗ್ರಂಥಿಯ ಹತ್ತಿರ ಇಳಿಯುತ್ತದೆ.

ಇದರಿಂದ ಏನು ಲಾಭ? ಬಾಯಿ ಒಣಗುವುದು ಕಡಿಮೆ ಆಗುತ್ತದೆ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಜೊಲ್ಲು ಇಲ್ಲದವನು ಒಂದು ತುಂಡು ಅಕ್ಕಿ ರೊಟ್ಟಿ ನುಂಗಲು ಒಂದು ಲೋಟ ನೀರು ಕುಡಿಯಬೇಕು. ರಾತ್ರಿ ನಾಲ್ಕು ಸಲ ಎದ್ದು ಬಾಯಿ ಒದ್ದೆ ಮಾಡಿಕೊಳ್ಳಬೇಕು. ಬ್ರಿಟನ್ನಿನಲ್ಲಿ ನಡೆದ ಪಾರ್‌ಸ್ಪೋರ್ಟ್ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಹಳೆ ವಿಧಾನದಲ್ಲಿ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ನಂತರ ನೂರಕ್ಕೆ 74 ಜನಕ್ಕೆ ಕಾಡುವಷ್ಟು ಬಾಯಿ ಒಣಗುವಿಕೆ ಇತ್ತು, ಐಎಂಆರ್‌ಟಿಯಲ್ಲಿ 38 ಜನಕ್ಕೆ. ಎರಡು ವರ್ಷಕ್ಕೆ ಅಂತರ ಇನ್ನೂ ದೊಡ್ಡದಾಯಿತು: 83 ಮತ್ತು 29. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಐಎಂಆರ್‌ಟಿಯನ್ನು ತ್ರೀಡಿ ಕನ್ಫರ್ಮಲ್ ಜೊತೆ ಹೋಲಿಸಿ ನೋಡಿದಾಗಲೂ ಜೊಲ್ಲಿನ ವಿಷಯದಲ್ಲಿ ಐಎಂಆರ್‌ಟಿಯೇ ಮೇಲಾಯಿತು.

ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಕ್ಯಾನ್ಸರ್ ಹತೋಟಿಗೆ ಬರುವುದರಲ್ಲಿ, ಬದುಕುಳಿಯುವುದರಲ್ಲಿ ಆ ಅಧ್ಯಯನಗಳಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಐಎಂಆರ್‌ಟಿ ಕೊಡುವುದು ಒಳ್ಳೆಯ ಬದುಕು. ಹಳೆ ವಿಧಾನದಲ್ಲೂ ಕ್ಯಾನ್ಸರ್ ಗುಣವಾಗುತ್ತದೆ. ಹಾಗಾಗಿ ಐಎಂಆರ್‌ಟಿ ಸಿಗಲಿಲ್ಲ ಅಂತ ಚಿಕಿತ್ಸೆಯನ್ನೇ ತಿಂಗಳುಗಟ್ಟಲೆ ತಡ ಮಾಡಬೇಡಿ. ಆಪರೇಷನ್ ಆದವರಿಗೆ ಸುಮಾರು 6 ವಾರದೊಳಗೆ ರೇಡಿಯೇಷನ್ ಶುರುವಾಗಬೇಕು.

ಕುತ್ತಿಗೆಯ ಎರಡೂ ಬದಿಗೆ ರೇಡಿಯೇಷನ್ ಬೇಕಾದವರು ಐಎಂಆರ್‌ಟಿಗಿಂತ ಕೆಳಗೆ ಇಳಿಯದಿರಲು ಪ್ರಯತ್ನ ಮಾಡಿ. ಅದರಿಂದ ಮೇಲಕ್ಕೆ ಹತ್ತಲು ಮಾತ್ರ ಮನೆ ಮಠ ಅಡ ಇಡುವ ಅಗತ್ಯ ಇಲ್ಲ. ನನ್ನ ಅಭಿಪ್ರಾಯದ ಸಾರ ಇಷ್ಟೇ.

ಯಾಕೆ ಹಾಗೆ ಹೇಳುತ್ತೇನೆ ನೋಡಿ. ವಿಮ್ಯಾಟ್, ರಾಪಿಡ್‌ಆರ್ಕ್ ಅನ್ನುವುದೂ ಐಎಂಆರ್‌ಟಿಯ ಒಂದು ರೂಪವೇ. ಮಷಿನ್ ನಿಂತು ನಿಂತು ಬಿಡುವ ಬದಲು ಸುತ್ತುತ್ತಾ ಕಿರಣ ಬಿಡುತ್ತದೆ. ಹತ್ತು ಹದಿನೈದು ನಿಮಿಷದ ಕೆಲಸ ಕೆಲವೇ ನಿಮಿಷಕ್ಕೆ ಮುಗಿಯುತ್ತದೆ. ತಲೆ ಅಲ್ಲಾಡದ ಹಾಗೆ ಮುಖಕ್ಕೆ ಹಾಕುವ ಮಾಸ್ಕ್ ಒಳಗೆ ಉಸಿರು ಕಟ್ಟಿದ ಹಾಗೆ ಆಗುವವರಿಗೆ, ಕೆಮ್ಮು ಇರುವವರಿಗೆ ಇದು ನಿಜವಾದ ಉಪಕಾರ. ಟೋಮೋಥೆರಪಿ ಸಿಟಿ ಸ್ಕ್ಯಾನಿನ ಬಳೆಯ ಹಾಗೆ ತಿರುಗುತ್ತಾ ಕೊಡುತ್ತದೆ. ಫಲಿತಾಂಶ ಒಳ್ಳೆಯ ಐಎಂಆರ್‌ಟಿಯ ಆಸುಪಾಸೇ. ಐಜಿಆರ್‌ಟಿ ಬೇರೆ ಮಷಿನ್ ಅಲ್ಲ. ಕಿರಣ ಬಿಡುವ ಮೊದಲು ಚಿತ್ರ ತೆಗೆದು ಮೂಳೆ ಸರಿಯಾದ ಜಾಗದಲ್ಲಿ ಇದೆಯಾ ಅಂತ ನೋಡುವುದು. ಇದು ಬೇಕು. ಗುರಿ ಎಷ್ಟು ಸಣ್ಣದೋ ತಪ್ಪಿದರೆ ನಷ್ಟ ಅಷ್ಟು ಜಾಸ್ತಿ, ಅಲ್ವಾ?

ಸೈಬರ್‌ನೈಫ್ ಕೆಲವೇ ಸಿಟಿಂಗ್‌ನಲ್ಲಿ ಮುಗಿಯುತ್ತದೆ ಅಂತ ಆಸೆಯಾಗುತ್ತದೆ. ಆದರೆ ಅದು ಚಿಕ್ಕ ಗುರಿಗೆ, ಹೆಚ್ಚಾಗಿ ಒಮ್ಮೆ ರೇಡಿಯೇಷನ್ ಆದ ಜಾಗದಲ್ಲೇ ಮತ್ತೆ ಬಂದವರಿಗೆ. ಇಡೀ ಕುತ್ತಿಗೆಯ ಗಂಟುಗಳಿಗೆ ಕೊಡಬೇಕಾದಾಗ ಅದು ಪರ್ಯಾಯ ಅಲ್ಲ. ಬ್ರೇಕಿಥೆರಪಿ ತುಟಿ, ನಾಲಿಗೆಯ ಸಣ್ಣ ಗಡ್ಡೆಗೆ ಚೆನ್ನಾಗಿ ಒಗ್ಗುತ್ತದೆ. ಸೂಜಿ ಅಥವಾ ಟ್ಯೂಬ್ ಇಟ್ಟು ಒಳಗಿನಿಂದಲೇ ಕೊಡುತ್ತಾರೆ, ಕೆಲವೇ ದಿನದಲ್ಲಿ ಮುಗಿಯುತ್ತದೆ. ಕೈಪಳಗಿದ ಡಾಕ್ಟರು ಇರುವ ಕಡೆ ಮಾತ್ರ.

ಪ್ರೋಟಾನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಎಕ್ಸ್‌ರೇ ಕಿರಣ ದೇಹದ ಆಚೆ ಕಡೆಯಿಂದ ಹೊರಗೆ ಹೋಗುತ್ತದೆ. ಪ್ರೋಟಾನ್ ಒಂದು ಆಳಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಕಣ್ಣಿನ ಹಿಂದೆ, ಮೂಗಿನ ಮೇಲ್ಭಾಗ, ತಲೆಬುರುಡೆಯ ಬುಡ, ಮಕ್ಕಳು, ಎರಡನೇ ಸಲದ ರೇಡಿಯೇಷನ್: ಇಲ್ಲೆಲ್ಲ ಇದಕ್ಕೆ ಅರ್ಥ ಇದೆ. ಚೆನ್ನೈನ ಅಪೋಲೋದಲ್ಲಿ 2019ರಿಂದ ಇದೆ, ನವಿ ಮುಂಬೈನ ಟಾಟಾ ಕೇಂದ್ರದಲ್ಲೂ ಇದೆ. ಖರ್ಚು ಐಎಂಆರ್‌ಟಿಗಿಂತ ಹಲವು ಪಟ್ಟು. ಕೆನ್ನೆ, ನಾಲಿಗೆಯ ಸಾಮಾನ್ಯ ಕೇಸಿಗೆ ತೋಟ ಮಾರಿ ಪ್ರೋಟಾನ್‌ಗೆ ಹೋಗಿ ಅಂತ ನಾನಂತೂ ಯಾರಿಗೂ ಹೇಳುವುದಿಲ್ಲ.

ಮಷಿನ್‌ಗಿಂತ ಗೆರೆ ಮುಖ್ಯ

ರೇಡಿಯೇಷನ್ ಡಾಕ್ಟರ್ ಸಿಟಿ ಸ್ಕ್ಯಾನಿನ ಒಂದೊಂದು ಪದರದ ಮೇಲೂ ಕಂಪ್ಯೂಟರಿನಲ್ಲಿ ಗೆರೆ ಎಳೆಯುತ್ತಾರೆ. ಇದು ಗಡ್ಡೆ, ಇದು ಅಪಾಯದ ಗಂಟು, ಇದು ಜೊಲ್ಲು ಗ್ರಂಥಿ, ಇದನ್ನು ಉಳಿಸಬೇಕು ಅಂತ. ಮಷಿನ್ ಆ ಗೆರೆಯನ್ನು ಪಾಲಿಸುತ್ತದೆ ಅಷ್ಟೇ. ಗೆರೆ ತಪ್ಪಿದರೆ ಯಾವ ಮಷಿನ್ನೂ ಸರಿಮಾಡಲಾರದು. 2023ರಲ್ಲಿ ಬಂದ ಡಾರ್ಸ್ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಗಂಟಲಿನ ಕ್ಯಾನ್ಸರ್ ಇದ್ದವರಲ್ಲಿ ಎರಡೂ ಗುಂಪಿಗೆ ಕೊಟ್ಟಿದ್ದು ಐಎಂಆರ್‌ಟಿಯೇ. ಒಂದು ಗುಂಪಿನಲ್ಲಿ ಮಾತ್ರ ನುಂಗುವ ಸ್ನಾಯುಗಳನ್ನೂ ಗುರುತಿಸಿ ಅಲ್ಲಿಗೆ ಡೋಸ್ ಇಳಿಸಿದರು. ಒಂದು ವರ್ಷದ ನಂತರ ಆ ಗುಂಪಿನವರು ಚೆನ್ನಾಗಿ ನುಂಗುತ್ತಿದ್ದರು.

ಅದಕ್ಕೇ ಮಷಿನ್‌ನ ಹೆಸರು ಕೇಳುವುದಕ್ಕಿಂತ ಇದನ್ನು ಕೇಳಿ: ನಮ್ಮ ಕೇಸಿನಲ್ಲಿ ಎರಡು ಬದಿಯ ಜೊಲ್ಲು ಗ್ರಂಥಿಯಲ್ಲಿ ಒಂದನ್ನಾದರೂ ಉಳಿಸಲು ಆಗುತ್ತದಾ? ಅದಕ್ಕೆ ಸರಾಸರಿ ಎಷ್ಟು ಡೋಸ್ ಬೀಳುತ್ತದೆ? ಡಾಕ್ಟರುಗಳು 26 ಗ್ರೇ (ರೇಡಿಯೇಷನ್ ಡೋಸ್ ಅಳೆಯುವ ಮಾಪು) ಒಳಗೆ ಇಡಲು ನೋಡುತ್ತಾರೆ. ಗಡ್ಡೆ ಪಕ್ಕದಲ್ಲೇ ಇದ್ದರೆ ಆಗದೇ ಇರಬಹುದು, ಆಗ ಯಾಕೆ ಆಗಲ್ಲ ಅಂತ ಹೇಳುತ್ತಾರೆ. ಈ ಪ್ರಶ್ನೆಗೆ ಸ್ಕ್ರೀನ್ ತಿರುಗಿಸಿ ಬಣ್ಣದ ಚಿತ್ರ ತೋರಿಸಿ ವಿವರಿಸಿದ ಡಾಕ್ಟರ ಹತ್ತಿರವೇ ನಾವು ಕೊನೆಗೆ ಚಿಕ್ಕಪ್ಪನನ್ನು ಸೇರಿಸಿದ್ದು. ಮೊದಲು ಹೋಗಿದ್ದ ಆಸ್ಪತ್ರೆಯಲ್ಲಿ ಬಾಯಲ್ಲಿ ಐಎಂಆರ್‌ಟಿ ಅಂದಿದ್ದರು, ಎಸ್ಟಿಮೇಟ್ ಹಾಳೆಯಲ್ಲಿ ತ್ರೀಡಿ ಅಂತ ಇತ್ತು. ಕೇಳಿದ್ದಕ್ಕೆ "ಎರಡೂ ಒಂದೇ" ಅಂದುಬಿಟ್ಟರು. ಒಂದೇ ಅಲ್ಲ. ಹಾಳೆಯಲ್ಲಿ ಬರೆದದ್ದನ್ನು ಓದದೆ ಸಹಿ ಹಾಕಬೇಡಿ.

ಯಾವ ಊರು?

ಗಡ್ಡೆ ಇದ್ದರೆ 66ರಿಂದ 70 ಗ್ರೇ, ಆಪರೇಷನ್ ಆದವರಿಗೆ ಸುಮಾರು 60ರಿಂದ 66. ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ. ಅಂದರೆ 30ರಿಂದ 35 ಸಲ ಆ ಟೇಬಲ್ ಮೇಲೆ ಮಲಗಬೇಕು. ಮಧ್ಯೆ ಬಿಡುವು ಕೊಟ್ಟರೆ ಉಳಿದಿರುವ ಕ್ಯಾನ್ಸರ್ ಕಣಗಳು ಬೇಗ ಬೇಗ ಬೆಳೆಯುತ್ತವೆ. ಚಿಕಿತ್ಸೆ ಒಂದು ದಿನ ಉದ್ದವಾದರೆ ಹತೋಟಿಯ ಸಾಧ್ಯತೆ ಸುಮಾರು ಶೇ. 1ರಿಂದ 1.4ರಷ್ಟು ಇಳಿಯುತ್ತದೆ ಅನ್ನುವುದು ತಲೆ, ಕುತ್ತಿಗೆಯ ಕ್ಯಾನ್ಸರ್‌ನಲ್ಲಿ ಹಳೆಯ ಲೆಕ್ಕ. ಒಂದು ವಾರ ರಸ್ತೆ ಬಂದ್ ಆದರೆ ಏನಾಗುತ್ತದೆ ಅಂತ ನೀವೇ ಗುಣಿಸಿ ನೋಡಿ.

ಮಡಿಕೇರಿಯಿಂದ ಮಂಗಳೂರಿಗೆ ಸುಮಾರು 140 ಕಿ.ಮೀ. ಅಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳು ಹಲವು. ಫಾದರ್ ಮುಲ್ಲರ್, ಅತ್ತಾವರದ ಕೆಎಂಸಿ, ದೇರಳಕಟ್ಟೆ ಕಡೆಯವು. ಆಯ್ಕೆ ಜಾಸ್ತಿ, ಒಳ್ಳೆಯ ಊರು. ಆದರೆ ನಡುವೆ ಸಂಪಾಜೆ ಘಾಟಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿ ಆ ರಸ್ತೆ ವಾರಗಟ್ಟಲೆ ಬಂದ್ ಆಗಿದ್ದನ್ನು ನಾವ್ಯಾರೂ ಮರೆತಿಲ್ಲ. ಡಿಸೆಂಬರ್‌ನಿಂದ ಮೇ ವರೆಗೆ ಮಂಗಳೂರು ಸರಿ. ಮಳೆಗಾಲದಲ್ಲಾದರೆ ಅಲ್ಲೇ ಉಳಿಯುವುದಿದ್ದರೆ ಮಾತ್ರ.

ವಿರಾಜಪೇಟೆ, ಪೊನ್ನಂಪೇಟೆ ಕಡೆಯವರಿಗೆ ತಲಶ್ಶೇರಿ ಹತ್ತಿರ. ಕೊಡಿಯೇರಿಯಲ್ಲಿ ಕೇರಳ ಸರ್ಕಾರದ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ, ಕ್ಯಾನ್ಸರ್‌ಗೆಂದೇ ಇರುವ ಆಸ್ಪತ್ರೆ. ಮಾಕುಟ್ಟ ಇಳಿದು ಇರಿಟ್ಟಿ ಮೇಲೆ ಹೋಗಬೇಕು. ಆ ಕಾಡಿನ ರಸ್ತೆಯೂ 2018ರ ಮಳೆಗೆ ಕುಸಿದಿತ್ತು. ಮಲಯಾಳ ಬರುವವರಿಗೆ ಅಲ್ಲಿ ಸಲೀಸು. ಕರ್ನಾಟಕದ ಆಯುಷ್ಮಾನ್ ಕಾರ್ಡ್ ಅಲ್ಲಿ ಯಾವ ಪ್ಯಾಕೇಜಿಗೆ ನಡೆಯುತ್ತದೆ ಅಂತ ಹೋಗುವ ಮೊದಲೇ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ಮೈಸೂರು ಮಡಿಕೇರಿಯಿಂದ ಸುಮಾರು 120 ಕಿ.ಮೀ. ಕುಶಾಲನಗರ ದಾಟಿದರೆ ನೆಲ ಸಮತಟ್ಟು, ಗುಡ್ಡ ಜಾರುವ ಭಯ ಇಲ್ಲ. ಬಸ್ಸು ಬೇಕಾದಷ್ಟು. ಭಾರತ್ ಆಸ್ಪತ್ರೆಯಂಥ ಕ್ಯಾನ್ಸರ್ ಕೇಂದ್ರ ಇದೆ. ಸೋಮವಾರಪೇಟೆ, ಕುಶಾಲನಗರ, ಸಿದ್ದಾಪುರ ಕಡೆಯವರಿಗೆ ಮಳೆಗಾಲದಲ್ಲಿ ನಾನು ಕಣ್ಣುಮುಚ್ಚಿ ಹೇಳುವುದು ಮೈಸೂರು.

ಬೆಂಗಳೂರಿನ ಕಿದ್ವಾಯಿ ಸುಮಾರು 260 ಕಿ.ಮೀ. ದಿನಾ ಅಷ್ಟೊಂದು ಬಾಯಿ, ಗಂಟಲಿನ ಕೇಸು ನೋಡುವ ಸರ್ಕಾರಿ ಸಂಸ್ಥೆ ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ. ಖರ್ಚು ಕಡಿಮೆ, ರೋಗಿಗಳು ಉಳಿಯಲು ಧರ್ಮಶಾಲೆ ಇದೆ. ಜನ ಜಾಸ್ತಿ, ಹಾಗಾಗಿ ಕಾಯಬೇಕಾಗಬಹುದು. ಮೊದಲ ದಿನವೇ "ರೇಡಿಯೇಷನ್ ಯಾವ ತಾರೀಖಿಗೆ ಶುರು?" ಅಂತ ಕೇಳಿ. ಆ ತಾರೀಖು ಆರು ವಾರದ ಗಡಿಯೊಳಗೆ ಬಿದ್ದರೆ, ಕಾರ್ಡ್ ಇರುವ ಬಡ ಕುಟುಂಬಕ್ಕೆ ಅದೇ ಒಳ್ಳೆಯ ಆಯ್ಕೆ. ಗಡಿ ದಾಟಿದರೆ ಹತ್ತಿರದಲ್ಲಿ ಬೇಗ ಸಿಗುವ ಐಎಂಆರ್‌ಟಿಯೇ ಮೇಲು.

ಓಡಾಡುವುದಾ, ಉಳಿಯುವುದಾ?

ನಾವು ಮೊದಲು ಕುಶಾಲನಗರದಿಂದ ಮೈಸೂರಿಗೆ ದಿನಾ ಹೋಗಿ ಬಂದೆವು. ಎಂಟು ದಿನ ಆರಾಮಾಗಿ ನಡೆಯಿತು. ಚಿಕ್ಕಪ್ಪ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಪೇಪರ್ ಓದುತ್ತಿದ್ದರು. ಮೂರನೇ ವಾರ ಬಾಯಿಯ ಒಳಚರ್ಮ ಬಿಳಿಯಾಗಿ ಸುಲಿಯಿತು. ಎಂಜಲು ಅಂಟಾಗಿ ನೂಲಿನ ಹಾಗೆ ಎಳೆಯುತ್ತಿತ್ತು. ಬಸ್ಸು ಒಂದು ಹಂಪ್ ಹಾರಿದರೂ ಕೈಯಲ್ಲಿ ದವಡೆ ಹಿಡಿದುಕೊಳ್ಳುತ್ತಿದ್ದರು. ಆ ಶುಕ್ರವಾರವೇ ಆಸ್ಪತ್ರೆ ಹತ್ತಿರ ಅಡುಗೆಮನೆ ಇರುವ ಒಂದು ರೂಮ್ ಹಿಡಿದೆವು. ಶನಿವಾರ ಭಾನುವಾರ ಊರಿಗೆ ಬರಬಹುದು, ಆದರೆ ಕೊನೆಯ ಎರಡು ವಾರ ಅವರೇ ಬೇಡ ಅಂದರು. ನಿಮಗೆ ಸಾಧ್ಯವಿದ್ದರೆ ಎರಡನೇ ವಾರದ ಕೊನೆಗೇ ಉಳಿಯುವ ವ್ಯವಸ್ಥೆ ಮಾಡಿಕೊಳ್ಳಿ. ತೋಟದ ಲೈನ್ ಮನೆಯಲ್ಲಿರುವ ಕೆಲಸಗಾರರ ಕುಟುಂಬವಾದರೆ ಜೊತೆಗೆ ಹೋಗುವವರ ಕೂಲಿ ನಷ್ಟವನ್ನೂ ಮೊದಲೇ ಲೆಕ್ಕ ಹಾಕಬೇಕು. ಅರ್ಧದಲ್ಲಿ ಬಿಟ್ಟು ಬರುವವರು ಹೆಚ್ಚಾಗಿ ಸೋಲುವುದು ಇಲ್ಲೇ.

ಒಮ್ಮೆ ಮಷಿನ್ ಕೆಟ್ಟು ಎರಡು ದಿನ ತಪ್ಪಿತು. ಆಗ ಸುಮ್ಮನೆ ಕೂರಬೇಡಿ. ಶನಿವಾರ ಕೊಡಬಹುದು, ಅಥವಾ ಕನಿಷ್ಠ 6 ಗಂಟೆ ಅಂತರದಲ್ಲಿ ಒಂದೇ ದಿನ ಎರಡು ಸಲ ಕೊಡಬಹುದು. ನಾವು ಕೇಳಿದ್ದಕ್ಕೆ ಶನಿವಾರ ಕೊಟ್ಟರು. ಒಂದೇ ರೀತಿಯ ಎರಡು ಮಷಿನ್ ಇರುವ ಆಸ್ಪತ್ರೆ ಮೇಲು ಅನ್ನುವುದು ಇದಕ್ಕೇ.

ದುಡ್ಡಿನ ಮಾತು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ, ಮಡಿಕೇರಿಯಿಂದಲೇ ಮಾಡಿಸಿಕೊಂಡು ಹೊರಡಿ. ತ್ರೀಡಿಗೂ ಐಎಂಆರ್‌ಟಿಗೂ ಪ್ಯಾಕೇಜ್ ಬೇರೆ ಬೇರೆ. ಅಪ್ರೂವಲ್‌ಗೆ ಯಾವುದನ್ನು ಕಳಿಸಿದ್ದಾರೆ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕೇಳಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಇದೆ. ಮೈಸೂರಿನಿಂದ ಮುಂದೆ ಬೆಂಗಳೂರು, ಚೆನ್ನೈಗೆ ಹೋಗುವವರಿಗೆ ಉಪಯೋಗ.

ಹಲ್ಲು, ತೂಕ, ಮಾಸ್ಕ್

ಯಾವ ಮಷಿನ್, ಯಾವ ಊರು ಆರಿಸಿದರೂ ಹಲ್ಲಿನ ಕೆಲಸ ಮೊದಲು. ರೇಡಿಯೇಷನ್ ಆದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯಬಹುದು. ಹಾಳಾದ ಹಲ್ಲನ್ನು ಶುರುವಾಗುವುದಕ್ಕೆ ಎರಡು ಮೂರು ವಾರ ಮೊದಲೇ ಕೀಳಿಸಬೇಕು. ವಿರಾಜಪೇಟೆಯಲ್ಲಿ ಡೆಂಟಲ್ ಕಾಲೇಜೇ ಇದೆ. ಆಪರೇಷನ್ ಗಾಯ ಮಾಯುವ ದಿನಗಳಲ್ಲೇ ಸರ್ಜನ್‌ರನ್ನು ಕೇಳಿ ಅಲ್ಲಿ ಮುಗಿಸಿಕೊಳ್ಳಿ.

ಮಾಸ್ಕ್ ಅಂದರೆ ತೂತುತೂತಾದ ಪ್ಲಾಸ್ಟಿಕ್ ಹಾಳೆ. ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದಾಗ ಮುಖ, ಭುಜದ ಮೇಲೆ ಎಳೆದು ಒತ್ತುತ್ತಾರೆ. ಒಂದಷ್ಟು ನಿಮಿಷದಲ್ಲಿ ಗಟ್ಟಿಯಾಗಿ ಮೂಗು, ಗಲ್ಲದ ಅಚ್ಚು ಕೂರುತ್ತದೆ. ದಿನಾ ಅದನ್ನೇ ಹಾಕಿ ಟೇಬಲ್‌ಗೆ ಕ್ಲಿಪ್ ಮಾಡುತ್ತಾರೆ. ಚಿಕ್ಕಪ್ಪ 63 ಕೆ.ಜಿ. ಇದ್ದವರು ನಾಲ್ಕನೇ ವಾರಕ್ಕೆ 56ಕ್ಕೆ ಇಳಿದರು. ಒಂದು ದಿನ ಅವರೇ ಬರೆದು ತೋರಿಸಿದರು, "ಮಾಸ್ಕ್ ಒಳಗೆ ತಲೆ ಅಲ್ಲಾಡುತ್ತದೆ." ಕೂಡಲೇ ಹೊಸ ಮಾಸ್ಕ್, ಹೊಸ ಸ್ಕ್ಯಾನ್, ಹೊಸ ಪ್ಲಾನ್ ಮಾಡಿದರು. ತೂಕ ಇಳಿದರೆ ಮತ್ತೆ ಪ್ಲಾನ್ ಮಾಡುತ್ತೀರಾ, ಅದಕ್ಕೆ ಬೇರೆ ದುಡ್ಡಾ? ಇದನ್ನು ಸೇರಿಸುವ ಮೊದಲೇ ಕೇಳಿ.

ಊಟದಲ್ಲಿ ಕಾಚಂಪುಳಿ, ಗಾಂಧಾರಿ ಮೆಣಸು ಆರು ವಾರ ಪೂರ್ತಿ ಬಂದ್. ಹೊಗೆಸೊಪ್ಪು, ಬೀಡಿ, ಸಿಗರೇಟು ಶಾಶ್ವತವಾಗಿ ಬಂದ್, ಯಾಕೆಂದರೆ ಚಿಕಿತ್ಸೆಯ ಮಧ್ಯೆ ಸೇದಿದರೆ ರೇಡಿಯೇಷನ್ನಿನ ಕೆಲಸವೇ ಕುಗ್ಗುತ್ತದೆ. ಬೆಲ್ಲದ ಕಾಫಿ ಮಣ್ಣು ಕಲಸಿದ ನೀರಿನ ಹಾಗಿದೆ ಅಂತ ಚಿಕ್ಕಪ್ಪ ಅತ್ತಿದ್ದರು. ರುಚಿ ತಿಂಗಳುಗಳಲ್ಲಿ ನಿಧಾನವಾಗಿ ವಾಪಸ್ ಬರುತ್ತದೆ. ಅಲ್ಲಿವರೆಗೆ ತೆಳು ರಾಗಿ ಗಂಜಿ, ಮೊಟ್ಟೆ, ಹಾಲು, ಬೆಂದು ಮೆತ್ತಗಾದ ಅನ್ನ. ಉಪ್ಪು, ಅಡುಗೆ ಸೋಡಾ ಹಾಕಿದ ನೀರಲ್ಲಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸುವುದು. ನುಂಗಲು ಆಗಲೇ ಇಲ್ಲ ಅಂದರೆ ಮೂಗಿನ ಪೈಪಿಗೆ ಹೆದರಬೇಡಿ. ನಾವು ಹತ್ತು ದಿನ ಬೇಡ ಬೇಡ ಅಂತ ತಳ್ಳಿ, ಅಷ್ಟರಲ್ಲಿ ಮೂರು ಕೆ.ಜಿ. ಕಳೆದುಕೊಂಡೆವು. ಪೈಪ್ ಹಾಕಿದ ಮೇಲೆ ಅವರು ಆ ರಾತ್ರಿ ನಿದ್ದೆ ಮಾಡಿದರು.

ಚಿಕಿತ್ಸೆ ಮುಗಿದ ಮೇಲೂ ಕೆಲವು ಕೆಲಸ ಇದೆ. ದವಡೆ ಬಿಗಿಯದ ಹಾಗೆ ದಿನಾ ಬಾಯಿ ತೆರೆಯುವ ವ್ಯಾಯಾಮ, ಹಲ್ಲಿಗೆ ಫ್ಲೋರೈಡ್. ಕುತ್ತಿಗೆಗೆ ರೇಡಿಯೇಷನ್ ಬಿದ್ದವರಲ್ಲಿ ಥೈರಾಯ್ಡ್ ನಿಧಾನವಾಗಿ ಸೋಲಬಹುದು, ವರ್ಷಗಳ ಮೇಲೂ. ಸುಸ್ತು, ಚಳಿ, ಮೈ ಊದುವುದನ್ನು ವಯಸ್ಸಿನ ಮೇಲೆ ಹಾಕಿ ಬಿಟ್ಟುಬಿಡುತ್ತೇವೆ. ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಿ. ಅದು ಮಡಿಕೇರಿಯಲ್ಲೇ ಆಗುತ್ತದೆ, ಅದಕ್ಕೆ ಯಾವ ಘಾಟಿಯನ್ನೂ ಇಳಿಯಬೇಕಾಗಿಲ್ಲ.